ಅಮ್ಮನ ಅಚ್ಚುಗಳಿಗೆ ಪಾಲಿಶ್ ಹೊಡೆಸಬೇಡ

ಪ್ರಿಯ ಗೆಳೆಯಾ,

ಫೋಟೋ ನೋಡಿದೆ ಕಣೋ. ನೋಡಿದ ಕೂಡಲೇ ಫೋನ್ ಮಾಡೋಣ ಅನ್ನಿಸಿತು. ಆದರೆ ಇದು ಫೋನಿನಲ್ಲಿ ಹೇಳಿ ಮುಗಿಸುವ ವಿಷಯ ಅಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ. ನಿನ್ನ ಹಾಗೆ ಸಂಕ್ರಾಂತಿಗೆ ಸಕ್ಕರೆ ಗೊಂಬೆ ಹೊಯ್ಯುವ ಮರದ ಅಚ್ಚನ್ನು ಅಟ್ಟದ ಮೇಲೆ ಇಟ್ಟು ಮರೆತವರು ಇನ್ನೂ ಎಷ್ಟೋ ಜನ ಇರಬಹುದು, ಅಲ್ವಾ?

ಮೈಸೂರಿನ ಮನೆ ಖಾಲಿ ಮಾಡುವಾಗ ಟ್ರಂಕಿನ ತಳದಲ್ಲಿ ಸಿಕ್ಕಿತು ಅಂದೆ. ಅಮ್ಮನ ಹಳೇ ಹತ್ತಿ ಸೀರೆಯ ತುಂಡಿನಲ್ಲಿ ಸುತ್ತಿಟ್ಟಿತ್ತು ಅಂದೆ. ಗಿಳಿ, ಮೀನು, ತೇರು, ಬಸವ, ತುಳಸಿ ಬೃಂದಾವನ, ಆನೆ. ಒಂದೊಂದನ್ನೂ ಗುರುತು ಹಿಡಿದೆ. ಕೊನೆಯಲ್ಲಿ ಕೇಳಿದ್ದೀಯ, "ಪಾಲಿಶ್ ಹೊಡೆಸಿ ಶೋಕೇಸಿನಲ್ಲಿ ಇಡಲಾ?"

ಬೇಡ. ದಯವಿಟ್ಟು ಬೇಡ. ಒಂದು ಸಲ ಪಾಲಿಶ್ ಹತ್ತಿದರೆ ಆ ಮರ ಮತ್ತೆ ನೀರು ಕುಡಿಯುವುದಿಲ್ಲ. ನೀರು ಕುಡಿಯದ ಮರದಿಂದ ಸಕ್ಕರೆ ಬಿಟ್ಟು ಬರುವುದಿಲ್ಲ. ತಿನ್ನುವ ಪದಾರ್ಥ ಅದಕ್ಕೆ ತಾಗಿಸಲೂ ಬಾರದು. ಸಂಕ್ರಾಂತಿಗೆ ಇನ್ನೂ ಮೂರು ವಾರ ಇದೆ. ಈ ಸಲ ಸಕ್ಕರೆ ಅಚ್ಚು ನೀನೇ ಹೊಯ್ಯಿ.

ನಿಮ್ಮಮ್ಮ ಹಬ್ಬಕ್ಕೆ ಒಂದು ವಾರ ಮುಂಚೆ ಶುರು ಮಾಡುತ್ತಿದ್ದರು, ನೆನಪಿದೆಯಾ? ರಾತ್ರಿ ಊಟ ಆಗಿ, ಅಡುಗೆಮನೆ ಒರೆಸಿ, ಆಮೇಲೆ. ನಾವಿಬ್ಬರೂ ಗೋಡೆಗೆ ಒರಗಿ ಕೂತು ಅಚ್ಚಿನ ಜೋಡಿಗಳನ್ನು ಸೇರಿಸಿ ರಬ್ಬರ್ ಬ್ಯಾಂಡ್ ಹಾಕುತ್ತಿದ್ದೆವು. ಅವರು ಒಲೆಯ ಮುಂದೆ ನಿಂತು ಪಾಕ ತಿರುವುತ್ತಿದ್ದರು. ಮಾತಾಡುತ್ತಾ ಇದ್ದವರು ಒಂದು ಹೊತ್ತಿನಲ್ಲಿ ಥಟ್ಟನೆ ಸುಮ್ಮನಾಗುತ್ತಿದ್ದರು. "ಈಗ ಕರೀಬೇಡಿ" ಅನ್ನುತ್ತಿದ್ದರು. ಆ ಅರ್ಧ ನಿಮಿಷ ಮನೆಯಲ್ಲಿ ಯಾರೂ ಉಸಿರೆತ್ತುತ್ತಿರಲಿಲ್ಲ. ನಾನು ಇಡೀ ಪತ್ರ ಬರೆಯುತ್ತಿರುವುದು ಆ ಅರ್ಧ ನಿಮಿಷ ಏನು ಅಂತ ನಿನಗೆ ಹೇಳುವುದಕ್ಕೆ. ಅದು ಗೊತ್ತಾಗುವುದಕ್ಕೆ ನನಗೆ ಎರಡು ಸಂಕ್ರಾಂತಿ ಬೇಕಾಯಿತು.

ಮೊದಲು ಮರದ ವಿಷಯ. ಇಷ್ಟು ವರ್ಷ ಟ್ರಂಕಿನಲ್ಲಿ ಇದ್ದಿದ್ದು, ಗೆರೆಗಳ ಒಳಗೆ ಧೂಳು, ಹಳೇ ಸಕ್ಕರೆ ಕೂತಿರುತ್ತದೆ. ಬಿಸಿ ನೀರು, ಒಂದು ಹೊಸ ಹಲ್ಲುಜ್ಜುವ ಬ್ರಷ್ ಸಾಕು. ಸೋಪು ಹಾಕಬೇಡ, ಮರ ವಾಸನೆ ಹಿಡಿದುಕೊಳ್ಳುತ್ತದೆ. ನೆರಳಲ್ಲಿ ಆರಿಸು. ಬಿಸಿಲಿಗೆ ಇಟ್ಟರೆ ಸೀಳುತ್ತದೆ. ಕಪ್ಪು ಬೂಷ್ಟು ಒಳಗಿನ ತನಕ ಇಳಿದಿದ್ದರೆ ಅಂಥದ್ದನ್ನು ಪಕ್ಕಕ್ಕಿಡು, ಬೇಕಾದರೆ ಅದನ್ನು ಶೋಕೇಸಿನಲ್ಲಿ ಇಡು.

ಹೊಯ್ಯುವ ಹಿಂದಿನ ರಾತ್ರಿ ಎಲ್ಲವನ್ನೂ ಬಕೆಟ್ ನೀರಿನಲ್ಲಿ ಮುಳುಗಿಸಿಡು. ತೇಲುತ್ತವೆ, ಮೇಲೆ ಒಂದು ತಟ್ಟೆ ಹೇರು. ಬೆಳಗ್ಗೆ ಹೊತ್ತಿಗೆ ಮರ ಹೊಟ್ಟೆ ತುಂಬಾ ನೀರು ಕುಡಿದಿರಬೇಕು. ಒಣಗಿದ ಮರಕ್ಕೆ ಪಾಕ ಹೊಯ್ದರೆ ಮರ ಪಾಕವನ್ನೇ ಎಳೆದುಕೊಳ್ಳುತ್ತದೆ, ಗೆರೆಗೆಲ್ಲ ಕಚ್ಚಿಕೊಳ್ಳುತ್ತದೆ. ನೆನೆದ ಮರದಲ್ಲಿ ಆ ಜಾಗದಲ್ಲಿ ಆಗಲೇ ನೀರು ಇರುತ್ತದೆ. ಎಣ್ಣೆ, ತುಪ್ಪ ಏನೂ ಸವರುವ ಹಾಗಿಲ್ಲ. ಬಳಸುವ ಮುಂಚೆ ಒಳಗಿನ ನೀರಿನ ಹನಿಯನ್ನು ಮಾತ್ರ ಬಟ್ಟೆಯಿಂದ ಒತ್ತಿ ತೆಗೆ. ಹನಿ ನಿಂತ ಕಡೆ ಸಕ್ಕರೆ ಕರಗಿ ಗುಳಿ ಬೀಳುತ್ತದೆ. ಜೋಡಿ ಸೇರಿಸಿ ರಬ್ಬರ್ ಬ್ಯಾಂಡ್ ಬಿಗಿಯಾಗಿ ಹಾಕಿ, ಬಾಯಿ ಮೇಲೆ ಮಾಡಿ ತಟ್ಟೆಯಲ್ಲಿ ಸಾಲಾಗಿ ನಿಲ್ಲಿಸು.

ಒಂದು ಸ್ವಾರಸ್ಯದ ವಿಷಯ ಹೇಳಲಾ? ಈಜಿಪ್ಟಿನಲ್ಲಿ ಪ್ರವಾದಿಯವರ ಜನ್ಮದಿನಕ್ಕೆ ಸಕ್ಕರೆಯಲ್ಲೇ ಗೊಂಬೆ, ಕುದುರೆ ಸವಾರ ಮಾಡುತ್ತಾರೆ. ಅವರದೂ ಮರದ ಅಚ್ಚೇ. ನಮ್ಮ ದೇಶದಲ್ಲೇ ಉತ್ತರದ ಕಡೆ ದೀಪಾವಳಿಗೆ ಸಕ್ಕರೆ ಆಟಿಕೆಗಳನ್ನು ಮಾಡುತ್ತಾರೆ. ಓದಿದಾಗ ನನಗೆ ನಿಮ್ಮ ಅಡುಗೆಮನೆಯೇ ಕಣ್ಣಿಗೆ ಬಂತು.

ಈಗ ಪಾಕ. ಒಂದು ಕಿಲೋ ಸಕ್ಕರೆಗೆ ಸುಮಾರು 400 ಎಂ.ಎಲ್. ನೀರು. ಪೂರ್ತಿ ಕರಗಿ ಕುದಿ ಬಂದ ಮೇಲೆ ಎರಡು ಚಮಚ ಹಾಲು. ಹಾಲು ಒಡೆದು, ಸಕ್ಕರೆಯಲ್ಲಿರುವ ಕೊಳೆಯನ್ನು ಹಿಡಿದುಕೊಂಡು ನೊರೆಯಾಗಿ ಮೇಲೆ ಬರುತ್ತದೆ. ಅದನ್ನು ಸೌಟಿನಿಂದ ತೆಗೆದುಬಿಡು. ಈಗಿನ ಸಕ್ಕರೆಯಲ್ಲಿ ಕೊಳೆ ಕಡಿಮೆ, ಆದರೂ ಈ ಕೆಲಸ ಬಿಡಬೇಡ. ಆಮೇಲೆ ತೆಳು ಬಟ್ಟೆಯಲ್ಲಿ ಸೋಸು. ಈ ಸೋಸಿದ ಪಾಕ ಅಂದರೆ ನಿನ್ನ ಬಂಡವಾಳ. ಇದನ್ನು ಒಟ್ಟಿಗೆ ಕಾಯಿಸುವುದಿಲ್ಲ. ಹಿಡಿ ಇರುವ ಒಂದು ಸಣ್ಣ ಪಾತ್ರೆಗೆ ಎರಡೇ ಸೌಟು ಹಾಕಿಕೊಂಡು ಕಾಯಿಸಬೇಕು. ನಾಲ್ಕೈದು ಅಚ್ಚಿಗೆ ಆಗುತ್ತದೆ. ಅದು ಮುಗಿದ ಮೇಲೆ ಮತ್ತೆ ಎರಡು ಸೌಟು. ಜಾಸ್ತಿ ಹಾಕಿಕೊಂಡರೆ ಮೂರನೇ ಅಚ್ಚು ತುಂಬುವ ಹೊತ್ತಿಗೆ ಪಾತ್ರೆಯಲ್ಲೇ ಕಲ್ಲಾಗಿರುತ್ತದೆ.

ನನ್ನ ಮೊದಲ ವರ್ಷ ಹಾಗೇ ಆಯಿತು. ಬೇಗ ಮುಗಿಸೋಣ ಅಂತ ಅರ್ಧ ಕಿಲೋ ಒಟ್ಟಿಗೆ ಕಾಯಿಸಿದೆ. ಎರಡು ಗಿಳಿ ಬಂದವು, ಉಳಿದದ್ದು ಪಾತ್ರೆಯ ಆಕಾರದ ಒಂದು ದೊಡ್ಡ ಬಿಲ್ಲೆ. ಎರಡನೇ ವರ್ಷ ಬೆಳ್ಳಗೆ ಬರಲಿ ಅಂತ ನಿಂಬೆರಸ ಹಿಂಡಿದೆ, ಅರ್ಧ ಹೋಳು. ಆ ದಿನ ಏನು ಮಾಡಿದರೂ ಪಾಕ ಗಟ್ಟಿಯಾಗಲಿಲ್ಲ. ಅಚ್ಚು ಬಿಚ್ಚಿದರೆ ಅಂಟು ಅಂಟಾಗಿ ಎಳೆ ಬಂತು. ಆಮೇಲೆ ಕಾರಣ ಗೊತ್ತಾಯಿತು. ಹುಳಿ ಬಿದ್ದರೆ ಸಕ್ಕರೆ ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗುತ್ತದೆ. ಇವೆರಡೂ ಮಧ್ಯೆ ಸೇರಿಕೊಂಡು ಉಳಿದ ಸಕ್ಕರೆಯನ್ನು ಹರಳುಗಟ್ಟಲು ಬಿಡುವುದಿಲ್ಲ. ಜಾಮೂನಿನ ಪಾಕಕ್ಕೆ ನಾವು ನಿಂಬೆರಸ ಹಾಕುವುದೇ ಅದಕ್ಕೆ, ಸಕ್ಕರೆ ಕಟ್ಟದೆ ಇರಲಿ ಅಂತ. ನಮಗೆ ಇಲ್ಲಿ ಬೇಕಾಗಿರುವುದು ಅದರ ಉಲ್ಟಾ. ಎರಡು ಮೂರು ಹನಿ ಹಾಕುವವರು ಇದ್ದಾರೆ, ಅಷ್ಟಕ್ಕೆ ಏನೂ ಆಗುವುದಿಲ್ಲ. ನಾನು ಅದನ್ನೂ ಬಿಟ್ಟೆ.

ಈಗ ಆ ಅರ್ಧ ನಿಮಿಷಕ್ಕೆ ಬರೋಣ.

ಸಣ್ಣ ಪಾತ್ರೆಯಲ್ಲಿ ಪಾಕ ಕುದಿಯುವಾಗ ಮೊದಲು ಗುಳ್ಳೆ ಸಣ್ಣದು, ಚುರುಕು. ನೀರಿನ ಹಾಗೇ ಸದ್ದು. ಆಮೇಲೆ ಗುಳ್ಳೆ ದಪ್ಪ ಆಗುತ್ತದೆ, ನಿಧಾನ ಆಗುತ್ತದೆ, ಸದ್ದು ಭಾರ ಆಗುತ್ತದೆ. ಒಂದು ಬಟ್ಟಲು ತಣ್ಣೀರಿಗೆ ಒಂದು ಹನಿ ಬಿಡು. ಹರಡಿಕೊಂಡರೆ ಇನ್ನೂ ಬೇಕು. ಬೆರಳಲ್ಲಿ ಮೆತ್ತಗೆ ಉಂಡೆ ಕಟ್ಟಿದರೆ ಹದ ಬಂತು. ಇದೇ ಉಂಡೆ ಪಾಕ. ಥರ್ಮಾಮೀಟರ್ ಇದ್ದರೆ 115 ಡಿಗ್ರಿ ಸೆಲ್ಸಿಯಸ್ ಹತ್ತಿರ. ಅಷ್ಟು ಬಿಸಿ ಏರಿದಾಗ ಪಾಕದಲ್ಲಿ ನೂರಕ್ಕೆ 85 ಪಾಲು ಸಕ್ಕರೆ, 15 ಪಾಲು ನೀರು ಉಳಿದಿರುತ್ತದೆ. ಒಂದು ಮಾತು: ನೀನು ಇರುವುದು ಮಂಗಳೂರು, ಸಮುದ್ರದ ಮಟ್ಟ, ನೀರು 100ಕ್ಕೆ ಕುದಿಯುತ್ತದೆ. ನಾನು ಬೆಂಗಳೂರಿನಲ್ಲಿ 900 ಮೀಟರಿಗಿಂತ ಎತ್ತರದಲ್ಲಿ ಇದ್ದೇನೆ, ಇಲ್ಲಿ ಸುಮಾರು 97ಕ್ಕೇ ಕುದಿ ಬರುತ್ತದೆ. ಹಾಗಾಗಿ ನನ್ನ ಉಂಡೆ ಪಾಕ 112ಕ್ಕೇ ಬಂದುಬಿಡುತ್ತದೆ. ಯಾರೋ ಹೇಳಿದ ಸಂಖ್ಯೆ ನಂಬುವ ಬದಲು ಮೊದಲು ಕುದಿಯುವ ನೀರಿಗೆ ಥರ್ಮಾಮೀಟರ್ ಇಟ್ಟು ನೋಡು, ಅದಕ್ಕೆ 15 ಸೇರಿಸು. ನಿಮ್ಮಮ್ಮನಿಗೆ ಇದೆಲ್ಲ ಬೇಕಿರಲಿಲ್ಲ, ತಣ್ಣೀರಿನ ಬಟ್ಟಲೇ ಸಾಕಿತ್ತು.

ಹದ ಬಂದ ಕೂಡಲೇ ಒಲೆಯಿಂದ ಇಳಿಸು. ಇಳಿಸಿ ಮರದ ಸೌಟಿನಿಂದ ಪಾತ್ರೆಯ ಅಂಚಿಗೆ ಉಜ್ಜುತ್ತಾ ತಿರುವು. ಕಣ್ಣು ತೆಗೆಯಬೇಡ. ಪಾಕ ಗಾಜಿನ ಹಾಗೆ ತಿಳಿಯಾಗಿರುತ್ತದೆ, ಪಾತ್ರೆಯ ತಳ ಕಾಣುತ್ತಿರುತ್ತದೆ. ತಿರುವುತ್ತಾ ಇದ್ದ ಹಾಗೆ ಸೌಟು ಹೋದ ದಾರಿಯಲ್ಲಿ ಒಂದು ಬಿಳಿ ಗೆರೆ ಏಳುತ್ತದೆ. ಎದ್ದು ಮಾಯವಾಗುತ್ತದೆ. ಮತ್ತೆ ಏಳುತ್ತದೆ, ಈ ಸಲ ಉಳಿಯುತ್ತದೆ. ಪಕ್ಕದಲ್ಲಿ ಇನ್ನೊಂದು. ನೋಡ್ತಾ ನೋಡ್ತಾ ತಳ ಮಸುಕಾಗುತ್ತದೆ, ಇಡೀ ಪಾಕ ತೆಳು ಮಜ್ಜಿಗೆಯ ಬಣ್ಣಕ್ಕೆ ತಿರುಗುತ್ತದೆ. ಸೌಟು ಕೈಗೆ ಒಂಚೂರು ಭಾರ ಅನ್ನಿಸುತ್ತದೆ. ಆಗ ಹೊಯ್ಯಬೇಕು. ಆಗಲೇ. ತಿಳಿಯಾಗಿದ್ದಾಗ ಹೊಯ್ದರೆ ಅಚ್ಚಿನ ಒಳಗೆ ದೊಡ್ಡ ಹರಳು ಕಟ್ಟಿ ಒರಟಾಗುತ್ತದೆ, ಗೆರೆಯೇ ಮೂಡುವುದಿಲ್ಲ. ಮೊಸರಿನಷ್ಟು ಮಂದ ಆಗುವ ತನಕ ಕಾದರೆ ಸೊಂಡಿಲಿನಂಥ ಸಂದಿಗೆ ಇಳಿಯುವುದೇ ಇಲ್ಲ.

ಅಲ್ಲಿ ನಡೆಯುವುದು ಇಷ್ಟು. 20 ಡಿಗ್ರಿಯಲ್ಲಿ 100 ಗ್ರಾಂ ನೀರಿಗೆ ಸುಮಾರು 200 ಗ್ರಾಂ ಸಕ್ಕರೆ ಕರಗುತ್ತದೆ. ಕುದಿಯುವ ಬಿಸಿಯಲ್ಲಿ 480 ಗ್ರಾಂ ದಾಟುತ್ತದೆ. ಪಾಕ ಆರುತ್ತಾ ಬಂದ ಹಾಗೆ ಅಷ್ಟು ಸಕ್ಕರೆಯನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ ನೀರಿಗೆ ಇರುವುದಿಲ್ಲ. ಸುಮ್ನೆ ಬಿಟ್ಟರೆ ನಿಧಾನವಾಗಿ ಕಲ್ಲುಸಕ್ಕರೆಯ ಹಾಗೆ ದಪ್ಪ ಹರಳಾಗುತ್ತದೆ. ತಿರುವಿ ಉಜ್ಜಿದರೆ ಒಂದೇ ಸಲಕ್ಕೆ ಲೆಕ್ಕವಿಲ್ಲದಷ್ಟು ಪುಟ್ಟ ಹರಳು ಹುಟ್ಟುತ್ತವೆ. ಆ ಬಿಳಿ ಬಣ್ಣ ಬರುವುದು ಅದರಿಂದಲೇ. ಬಾಯಿಗಿಟ್ಟರೆ ನುಣ್ಣಗೆ ಕರಗುವುದೂ ಅದರಿಂದಲೇ.

ಹೊಯ್ದ ಮೇಲೆ ಐದರಿಂದ ಹತ್ತು ನಿಮಿಷ ಮುಟ್ಟಬೇಡ. ಬಾಯಿಯ ಹತ್ತಿರ ಬೆರಳಿಟ್ಟರೆ ಗಟ್ಟಿ ಅನ್ನಿಸಬೇಕು. ರಬ್ಬರ್ ಬ್ಯಾಂಡ್ ತೆಗೆದು, ಅಚ್ಚಿನ ಬೆನ್ನಿಗೆ ಮೆಲ್ಲಗೆ ತಟ್ಟಿ, ಒಂದು ಹೋಳನ್ನು ನೇರವಾಗಿ ಮೇಲಕ್ಕೆ ಎತ್ತು. ಪಕ್ಕಕ್ಕೆ ಜಾರಿಸಿದರೆ ಕೊಕ್ಕು ಹೋಗುತ್ತದೆ, ಬಾಲ ಹೋಗುತ್ತದೆ. ಅಂಚಿನಲ್ಲಿ ತೆಳ್ಳಗೆ ರೆಕ್ಕೆ ಥರ ಉಳಿದಿದ್ದನ್ನು ಚಾಕುವಿನಿಂದ ಕೆರೆದುಬಿಡು. ಮುರಿದದ್ದು, ಕೆರೆದದ್ದು, ಪಾತ್ರೆಗೆ ಕಚ್ಚಿದ್ದು ಎಲ್ಲವನ್ನೂ ನೀರು ಹಾಕಿ ಕರಗಿಸಿ ಮತ್ತೆ ಪಾಕಕ್ಕೇ ಸೇರಿಸು. ಈ ಕೆಲಸದಲ್ಲಿ ಒಂದು ಚಮಚ ಸಕ್ಕರೆಯೂ ಹಾಳಾಗುವುದಿಲ್ಲ.

ಮಗಳು ಪಕ್ಕದಲ್ಲೇ ನಿಲ್ಲುತ್ತಾಳೆ ಅಂತ ನನಗೆ ಗೊತ್ತು. ರಬ್ಬರ್ ಬ್ಯಾಂಡ್ ಹಾಕುವುದು, ಬಿಚ್ಚುವುದು ಅವಳಿಗೆ ಕೊಡು. ಪಾಕದ ಹತ್ತಿರ ಮಾತ್ರ ಬಿಡಬೇಡ. ಬಿಸಿ ನೀರು ಬಿದ್ದರೆ ಜಾರಿ ಹೋಗುತ್ತದೆ, ಪಾಕ ಹಾಗಲ್ಲ, ಚರ್ಮಕ್ಕೆ ಅಂಟಿಕೊಂಡು ಸುಡುತ್ತಲೇ ಇರುತ್ತದೆ. ಬಿದ್ದರೆ ತಕ್ಷಣ ನಲ್ಲಿ ನೀರಿನ ಕೆಳಗೆ 20 ನಿಮಿಷ ಹಿಡಿ. ಪೇಸ್ಟು, ಬೆಣ್ಣೆ ಏನೂ ಹಚ್ಚಬೇಡ.

ನಿಮ್ಮೂರಿನ ಗಾಳಿಯಲ್ಲಿ ಪಸೆ ಜಾಸ್ತಿ. ಇಲ್ಲಿ ನಾನು ರಾತ್ರಿಯೆಲ್ಲ ಪೇಪರ್ ಮೇಲೆ ಹರಡಿ ಆರಿಸುತ್ತೇನೆ. ನೀನು ಒಂದೆರಡು ಗಂಟೆ ಫ್ಯಾನ್ ಕೆಳಗೆ ಆರಿಸಿ, ಗಾಳಿಯಾಡದ ಡಬ್ಬಕ್ಕೆ ಹಾಕಿಬಿಡು. ಫ್ರಿಜ್ಜಿನಲ್ಲಿ ಬೇಡ, ಹೊರಗೆ ತೆಗೆದ ಕೂಡಲೇ ಬೆವರುತ್ತದೆ. ಬಣ್ಣವೂ ಬೇಡ ಅಂತ ನನ್ನ ಅಭಿಪ್ರಾಯ. ಅಂಗಡಿಯ ಗುಲಾಬಿ, ಹಳದಿ ಅಚ್ಚುಗಳ ಪಕ್ಕದಲ್ಲಿ ಮನೆಯ ಬಿಳಿ ಅಚ್ಚು ಇಟ್ಟು ನೋಡು, ಬಸವನ ಕೊರಳ ಗೆಜ್ಜೆ ಎಣಿಸಬಹುದು.

ಹುಬ್ಬಳ್ಳಿಯ ನಮ್ಮ ಅತ್ತೆ ಕುಸುರೆಳ್ಳು ಮಾಡುವುದನ್ನೂ ಒಮ್ಮೆ ಬರೆಯಬೇಕು. ಸಣ್ಣ ಉರಿಯ ಮೇಲೆ ಎಳ್ಳಿಗೆ ಚಮಚ ಚಮಚ ಪಾಕ ಬಿಟ್ಟು, ಕೈಯಾಡಿಸಿ ಕೈಯಾಡಿಸಿ ಮುಳ್ಳು ಬರಿಸುವುದು. ದಿನಗಟ್ಟಲೆ ಕೆಲಸ. ಅದಕ್ಕೆ ಬೇರೆಯೇ ಪತ್ರ ಬೇಕು.

ನಿಮ್ಮ ಅಪಾರ್ಟ್‌ಮೆಂಟಿನಲ್ಲಿ ಎಳ್ಳು ಬೀರುವ ರೂಢಿ ಇಲ್ಲ, ಯಾರಿಗೆ ಕೊಡಲಿ ಅಂತ ಕೇಳಿದ್ದೀಯ. ಇರುವವರಿಗೆಲ್ಲ ಕೊಡು. ಎಳ್ಳು, ಬೆಲ್ಲ, ಕೊಬ್ಬರಿ, ಕಡಲೆಕಾಯಿ ಬೀಜ, ಹುರಿಗಡಲೆ ಬೆರೆಸಿ ಪೊಟ್ಟಣ ಕಟ್ಟು, ಮೇಲೆ ಒಂದು ಅಚ್ಚು ಇಡು, ಒಂದು ತುಂಡು ಕಬ್ಬು ಇಡು. ಮಗಳ ಕೈಯಲ್ಲಿ ಕೊಡಿಸು. "ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಿ" ಅಂತ ಅವಳು ಹೇಳಿದರೆ ಬೇಡ ಅನ್ನುವವರು ಯಾರೂ ಇರುವುದಿಲ್ಲ.

ಮೊದಲ ಸೌಟಿಗೆ ಬೃಂದಾವನ, ತೇರು ತಗೋ. ಅವು ದಪ್ಪ, ಬೇಗ ಮುರಿಯುವುದಿಲ್ಲ. ಕೈ ಕುದುರಿದ ಮೇಲೆ ಗಿಳಿ, ಮೀನು. ಆನೆ ಕೊನೆಗೆ. ಆ ಆನೆಯ ಸೊಂಡಿಲು ನಿಮ್ಮಮ್ಮನ ಕೈಯಲ್ಲೇ ಮೂರಕ್ಕೆ ಒಂದು ಸಲ ಮುರಿಯುತ್ತಿತ್ತು. ಮುರಿದದ್ದನ್ನು ಅವರು ಪಾಕಕ್ಕೆ ಹಾಕುತ್ತಿರಲಿಲ್ಲ. ಇನ್ನೂ ಬೆಚ್ಚಗಿರುವಾಗಲೇ ಹಿಂತಿರುಗಿ ನೋಡದೆ ಕೈ ಚಾಚುತ್ತಿದ್ದರು. ಸೊಂಡಿಲು ನಿನಗೆ, ಆನೆ ನನಗೆ. ಅತಿಥಿ ಅಂತ ನನಗೆ ದೊಡ್ಡದು.

ಹಬ್ಬದ ಮಾರನೇ ದಿನ ರಾತ್ರಿ ಬಸ್ಸಿಗೆ ಬರುತ್ತೇನೆ. ಸೊಂಡಿಲು ಮುರಿದ ಆನೆ ಬಂದರೆ ಕರಗಿಸಬೇಡ, ಎತ್ತಿಡು.

ನಿನ್ನ,
ಗೆಳೆಯ