ಇನ್ನು ಮುಂದೆ ತಲೆ ನೋಡಿದ ಮೇಲೇ ಎಣ್ಣೆ

ನಮ್ಮ ಪಾರ್ಲರಿಗೆ ಬರುವ ಅಮ್ಮಂದಿರಿಗೆ, ಅಕ್ಕ ತಂಗಿಯರಿಗೆ, ಹಾಸ್ಟೆಲ್ ಹುಡುಗಿಯರಿಗೆ ನಮಸ್ಕಾರ.

ವಿಷಯ ಮೊದಲೇ ಹೇಳಿಬಿಡುತ್ತೇವೆ. ಬರುವ ತಿಂಗಳು 1ನೇ ತಾರೀಖಿನಿಂದ ನಮ್ಮ ರೇಟ್ ಬೋರ್ಡಿನಲ್ಲಿ ‘ಹಾಟ್ ಆಯಿಲ್ ಮಸಾಜ್’ ಇರುವುದಿಲ್ಲ. ಆ ಜಾಗದಲ್ಲಿ ‘ನೆತ್ತಿ ಆರೈಕೆ’ ಅಂತ ಇರುತ್ತದೆ. ಬರೀ ಹೆಸರು ಬದಲಾಯಿಸಿದ್ದಾರೆ ಅಂದುಕೊಳ್ಳಬೇಡಿ. ಕುರ್ಚಿಯಲ್ಲಿ ಕೂತ ಕೂಡಲೇ ಎಣ್ಣೆ ಬಟ್ಟಲು ಬರುವುದಿಲ್ಲ. ಮೊದಲು ನಿಮ್ಮ ತಲೆ ನೋಡುತ್ತೇವೆ. ಎಣ್ಣೆ ಆಗುವವರಿಗೆ ಎಣ್ಣೆ, ಆಗದವರಿಗೆ ಬರೀ ಮಸಾಜ್ ಮತ್ತು ವಾಶ್. ಕೆಲವರಿಗೆ ಏನೂ ಮಾಡದೆ, ಮೊದಲು ಚರ್ಮದ ಡಾಕ್ಟರಿಗೆ ತೋರಿಸಿ ಅನ್ನುತ್ತೇವೆ. ಅಂಥವರ ಹತ್ತಿರ ಅವತ್ತು ದುಡ್ಡು ತೆಗೆದುಕೊಳ್ಳುವುದಿಲ್ಲ.

ಯಾಕೆ ಅಂತ ಕೇಳುತ್ತೀರಿ. ನಮ್ಮಲ್ಲಿಗೆ ಬರುವವರು ಹೇಳುವ ತೊಂದರೆ ಬೇರೆ ಬೇರೆ, ಕೇಳುವ ಔಷಧಿ ಮಾತ್ರ ಒಂದೇ. ತಲೆಹೊಟ್ಟಿಗೂ ಬಿಸಿ ಎಣ್ಣೆ, ಕೂದಲು ಉದುರಿದರೂ ಬಿಸಿ ಎಣ್ಣೆ, ನಿದ್ದೆ ಬರದಿದ್ದರೂ ಬಿಸಿ ಎಣ್ಣೆ. ಮೂರನೆಯದಕ್ಕೆ ಅದು ನಿಜಕ್ಕೂ ಒಳ್ಳೆಯದು. ಎರಡನೆಯದಕ್ಕೆ ಹಾಕಿದರೂ ಅಷ್ಟೆ, ಬಿಟ್ಟರೂ ಅಷ್ಟೆ. ಮೊದಲನೆಯದಕ್ಕೆ ತೊಂದರೆಯೇ ಜಾಸ್ತಿ.

ತುಮಕೂರಿನಲ್ಲಿ ಕೂತು ತಲೆಗೆ ಎಣ್ಣೆ ಬೇಡ ಅನ್ನುವುದು ಸುಲಭವಲ್ಲ, ನಮಗೂ ಗೊತ್ತು. ತಿಪಟೂರಿನ ಕೊಬ್ಬರಿ ಇರುವ ಜಿಲ್ಲೆ ಇದು. ಅರ್ಧಕ್ಕರ್ಧ ಜನರ ಮನೆಗೆ ಊರಿನ ತೋಟದಿಂದಲೋ ನೆಂಟರಿಂದಲೋ ಕೊಬ್ಬರಿ ಎಣ್ಣೆ ಕ್ಯಾನಿನಲ್ಲಿ ಬರುತ್ತದೆ. ಭಾನುವಾರದ ಎಣ್ಣೆ ನೀರು, ಯುಗಾದಿಯ ಎಣ್ಣೆ ನೀರು, ನೀರು ತುಂಬುವ ಹಬ್ಬದ ಮಾರನೆಯ ದಿನದ ಎಣ್ಣೆ ನೀರು, ಇದನ್ನೆಲ್ಲ ಬಿಡಿ ಅಂತ ನಾವು ಹೇಳುತ್ತಿಲ್ಲ. ಆದರೆ ಹಿಂದೆ ಎಣ್ಣೆ ಹಚ್ಚಿದರೆ ಅವತ್ತೇ ಸೀಗೆಕಾಯಿಯೋ ಚಿಗರೆಪುಡಿಯೋ ಹಾಕಿ ತಿಕ್ಕಿ ತೆಗೆಯುತ್ತಿದ್ದರು. ಹಂಡೆ ತುಂಬ ನೀರು ಸುರಿಯುತ್ತಿದ್ದರು. ಈಗ ಶನಿವಾರ ರಾತ್ರಿ ಹಚ್ಚಿ, ಭಾನುವಾರ ಸೋಮಾರಿತನ ಮಾಡಿ, ಸೋಮವಾರ ಹಾಗೇ ಜಡೆ ಹಾಕಿಕೊಂಡು ಆಫೀಸಿಗೆ ಹೋಗುತ್ತೇವೆ. ಎಣ್ಣೆ, ಬೆವರು, ಬಿ.ಎಚ್. ರಸ್ತೆಯ ಧೂಳು ಮೂರೂ ಸೇರಿ ಬುಡದಲ್ಲಿ ಕೂರುತ್ತವೆ. ತುರಿಕೆ ಶುರುವಾಗದೆ ಇನ್ನೇನಾಗುತ್ತದೆ, ಅಲ್ವಾ?

ಹೊಟ್ಟಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಮನೆಯಲ್ಲಿ ದೊಡ್ಡವರು ‘ತಲೆ ಒಣಗಿದೆ, ಅದಕ್ಕೇ ಉದುರುತ್ತಿದೆ, ಎಣ್ಣೆ ಹಾಕು’ ಅನ್ನುತ್ತಾರೆ. ನೋಡಲು ಹಾಗೇ ಕಾಣುತ್ತದೆ ನಿಜ. ಆದರೆ ಜಾಸ್ತಿ ಜನರ ಹೊಟ್ಟಿಗೆ ಕಾರಣ ಒಣಗಿರುವುದಲ್ಲ, ಜಿಡ್ಡು. ಎಲ್ಲರ ನೆತ್ತಿಯ ಮೇಲೂ ಮಲಸೇಜಿಯಾ ಅನ್ನುವ ಒಂದು ಯೀಸ್ಟ್, ಅಂದರೆ ಒಂದು ಥರದ ಫಂಗಸ್ ಇರುತ್ತದೆ, ಬರಿಗಣ್ಣಿಗೆ ಕಾಣದಷ್ಟು ಸಣ್ಣದು. ಚರ್ಮದ ಜಿಡ್ಡೇ ಅದಕ್ಕೆ ಊಟ. ಅದು ತಿಂದು ಬಿಟ್ಟದ್ದು ಕೆಲವರ ಚರ್ಮಕ್ಕೆ ಆಗಿಬರುವುದಿಲ್ಲ. ಚರ್ಮ ಬೇಗ ಬೇಗ ಪದರ ಬಿಡುತ್ತದೆ, ಕೆಂಪಾಗುತ್ತದೆ, ತುರಿಸುತ್ತದೆ. ಅದರ ಮೇಲೆ ಇಡೀ ರಾತ್ರಿ ಎಣ್ಣೆ ಬಿಟ್ಟರೆ ಅದಕ್ಕೆ ಅನ್ನಸಂತರ್ಪಣೆ. ಎಣ್ಣೆ ಹಾಕಿದಾಗ ಪದರಗಳು ಒದ್ದೆಯಾಗಿ ಅಂಟಿಕೊಳ್ಳುತ್ತವೆ. ಹಾಗಾಗಿ ಎರಡು ದಿನ ಹೊಟ್ಟು ಕಾಣುವುದಿಲ್ಲ, ಕಡಿಮೆಯಾಯಿತು ಅನ್ನಿಸುತ್ತದೆ. ಮೂರನೇ ದಿನ ಮತ್ತೆ ಭುಜದ ಮೇಲೆ ಬಿದ್ದಿರುತ್ತದೆ.

ಹೀಗಿರುವವರಿಗೆ ನಾವು ನೆತ್ತಿಗೆ ಎಣ್ಣೆ ಹಾಕುವುದಿಲ್ಲ. ಕೂದಲು ಒರಟಾಗಿದೆ ಅನ್ನಿಸಿದರೆ ಕೆಳಗಿನ ಅರ್ಧಕ್ಕೆ ಮಾತ್ರ ಹಚ್ಚಿ, ಒಂದು ಗಂಟೆ ಬಿಟ್ಟು ತೊಳೆಯುತ್ತೇವೆ. ಕೊಬ್ಬರಿ ಎಣ್ಣೆಗೆ ಆ ಗುಣ ಇದೆ. ಅದು ಕೂದಲಿನ ಒಳಗೆ ಇಳಿಯುತ್ತದೆ, ತೊಳೆಯುವಾಗ ಕೂದಲು ನೀರು ಕುಡಿದು ಉಬ್ಬಿ ಸವೆಯುವುದನ್ನು ತಡೆಯುತ್ತದೆ. ಆ ಯೀಸ್ಟ್ ಕಡಿಮೆ ಮಾಡುವ ಕೀಟೋಕೊನಜೋಲ್ ಶಾಂಪೂವನ್ನು ಮೆಡಿಕಲ್ ಶಾಪಿನಿಂದ ಮನೆಗೆ ಒಯ್ಯುವವರಿಗೆ ಒಂದು ಮಾತು. ಹಚ್ಚಿದ ಕೂಡಲೇ ತೊಳೆದುಬಿಟ್ಟರೆ ದುಡ್ಡು ದಂಡ. ನೊರೆಯನ್ನು 3ರಿಂದ 5 ನಿಮಿಷ ನೆತ್ತಿಯ ಮೇಲೆ ಬಿಡಬೇಕು. ಅದು ಕೂದಲಿಗೆ ಹಾಕುವ ಶಾಂಪೂ ಅಲ್ಲ, ಚರ್ಮಕ್ಕೆ ಹಾಕುವುದು. ಬಸುರಿಯರು, ಬಾಣಂತಿಯರು ಡಾಕ್ಟರನ್ನು ಕೇಳಿಯೇ ಬಳಸಿ.

ತಲೆ ನೋಡುವುದು ಅಂದರೆ ಏನು ಅಂತ ಕೆಲವರಿಗೆ ಮುಜುಗರ ಇದೆ. ದೊಡ್ಡ ಪರೀಕ್ಷೆ ಏನಲ್ಲ. ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂರಿಸಿ, ಟೇಲ್ ಕೋಂಬಿನ ಬಾಲದಿಂದ ಬೈತಲೆ ತೆಗೆಯುತ್ತಾ ಹೋಗುತ್ತೇವೆ. ಹಣೆಯಿಂದ ನೆತ್ತಿ, ಕಿವಿಯ ಹಿಂದೆ, ಕೊನೆಗೆ ಕತ್ತಿನ ಮೇಲಿನ ಕೂದಲು. ಪುಡಿ ಪುಡಿಯಾಗಿ ಉದುರುತ್ತಿದೆಯೋ, ಹಳದಿಯಾಗಿ ಜಿಡ್ಡು ಜಿಡ್ಡಾಗಿ ಅಂಟಿದೆಯೋ ನೋಡುತ್ತೇವೆ. ಬೆಳ್ಳಿ ಬಣ್ಣದ ದಪ್ಪ ಪದರ ಹಣೆಯಂಚು ದಾಟಿ ಬಂದಿದ್ದರೆ ಅದು ಸೋರಿಯಾಸಿಸ್ ಅನ್ನುವ ಚರ್ಮದ ಕಾಯಿಲೆ ಇರಬಹುದು, ನಾವು ಮುಟ್ಟುವುದಿಲ್ಲ. ರೂಪಾಯಿಯಗಲ ಕೂದಲು ಹೋಗಿ ನುಣ್ಣಗಾಗಿದ್ದರೂ ಅಷ್ಟೆ, ಗಾಯ, ಕೀವು ಇದ್ದರೂ ಅಷ್ಟೆ.

ಹಾಸ್ಟೆಲ್ ಹುಡುಗಿಯರ ತಲೆಯಲ್ಲಿ ಕಾಣುವುದು ಎಷ್ಟೋ ಸಲ ಹೊಟ್ಟೇ ಅಲ್ಲ, ಸೀರು. ಹೊಟ್ಟಾದರೆ ಬಾಚಣಿಗೆ ತಾಗಿದರೆ ಸಾಕು, ಜಾರುತ್ತದೆ. ಸೀರು ಒಂದೇ ಕೂದಲಿಗೆ ಗಟ್ಟಿಯಾಗಿ ಅಂಟಿಕೊಂಡಿರುತ್ತದೆ, ಎರಡು ಉಗುರಿನ ಮಧ್ಯೆ ಹಿಡಿದು ತುದಿಯವರೆಗೂ ಎಳೆಯಬೇಕು. ಇದರಲ್ಲಿ ನಾಚಿಕೆ ಪಡುವಂಥದ್ದೇನಿಲ್ಲ. ತಲೆಗೆ ತಲೆ ತಾಗಿಸಿ ಮಲಗಿದರೆ, ಸೆಲ್ಫಿ ತೆಗೆದುಕೊಂಡರೆ ಹೇನು ಬರುತ್ತದೆ, ಕೊಳಕಿಗೆ ಅಲ್ಲ. ಕಿವಿಯಲ್ಲಿ ಮಾತ್ರ ಹೇಳುತ್ತೇವೆ, ಪಕ್ಕದ ಕುರ್ಚಿಯವರಿಗೂ ಗೊತ್ತಾಗುವುದಿಲ್ಲ.

ಕೂದಲು ಉದುರುತ್ತದೆ ಅಂತ ಬರುವವರೇ ಈಗ ಜಾಸ್ತಿ. ತಲೆಯಲ್ಲಿ ಸುಮಾರು 1 ಲಕ್ಷ ಕೂದಲು ಇರುತ್ತದೆ. ದಿನಕ್ಕೆ 50ರಿಂದ 100 ಉದುರುವುದು ಮಾಮೂಲು. ವಾರಕ್ಕೆ ಎರಡೇ ಸಲ ತಲೆಗೆ ಸ್ನಾನ ಮಾಡುವವರಿಗೆ ಮೂರು ದಿನದ್ದು ಒಟ್ಟಿಗೆ ಕೈಗೆ ಬರುತ್ತದೆ, ಬಚ್ಚಲ ಜಾಲರಿ ನೋಡಿ ಗಾಬರಿಯಾಗುತ್ತಾರೆ. ಒಂದೊಂದು ಕೂದಲೂ 2ರಿಂದ 6 ವರ್ಷ ಬೆಳೆದು, ಸುಮಾರು 3 ತಿಂಗಳು ಸುಮ್ನೆ ಇದ್ದು, ಆಮೇಲೆ ಉದುರುತ್ತದೆ. ಜೋರು ಜ್ವರ, ಹೆರಿಗೆ, ಆಪರೇಷನ್, ಊಟ ಬಿಟ್ಟು ತೂಕ ಇಳಿಸುವುದು ಇಂಥದ್ದಾದಾಗ ಬೆಳೆಯುತ್ತಿದ್ದ ಕೂದಲು ತುಂಬಾ ಒಟ್ಟಿಗೆ ಬೆಳೆಯುವುದನ್ನು ನಿಲ್ಲಿಸುತ್ತದೆ. ಉದುರುವುದು ಎರಡು ಮೂರು ತಿಂಗಳ ನಂತರ. ಮಳೆಗಾಲದಲ್ಲಿ ಡೆಂಗಿ ಬಂದವರಿಗೆ ದೀಪಾವಳಿ ಹೊತ್ತಿಗೆ ಹಿಡಿ ಹಿಡಿ ಬರುತ್ತದೆ. ಅಷ್ಟು ಹೊತ್ತಿಗೆ ಜ್ವರ ಮರೆತುಹೋಗಿರುತ್ತದೆ, ಬೈಗುಳ ತಿನ್ನುವುದು ಶಾಂಪೂ. ಇಂಥದ್ದು ಸಾಮಾನ್ಯವಾಗಿ ಆರೇಳು ತಿಂಗಳಲ್ಲಿ ತಾನಾಗೇ ಸರಿಹೋಗುತ್ತದೆ. ಹೋಗದಿದ್ದರೆ ರಕ್ತ ಕಡಿಮೆ ಇದೆಯೋ, ಥೈರಾಯ್ಡ್ ಇದೆಯೋ ಅಂತ ಡಾಕ್ಟರ್ ನೋಡಬೇಕು. ಜ್ವರ ಏನೂ ಇಲ್ಲದೆ ಬೈತಲೆ ವರ್ಷ ವರ್ಷಕ್ಕೂ ಅಗಲವಾಗುತ್ತಿದ್ದರೆ ಕಾಯಬೇಡಿ, ಬೇಗ ತೋರಿಸಿ. ಹಣೆಯಂಚಿನಲ್ಲಿ ಮಾತ್ರ ತೆಳ್ಳಗಾಗುತ್ತಿದ್ದರೆ ಜಡೆ ಸಡಿಲ ಮಾಡಿ, ದಿನಾ ಎಳೆದು ಕಟ್ಟುವುದರಿಂದಲೂ ಹಾಗಾಗುತ್ತದೆ.

‘ಹಾಗಾದ್ರೆ ನಿಮ್ಮ ಮಸಾಜಿಂದ ಕೂದಲು ಬೆಳೆಯುತ್ತಾ?’ ಅಂತ ನೇರವಾಗಿ ಕೇಳಿದರೆ ನೇರವಾಗಿ ಹೇಳುತ್ತೇವೆ. ಬೆಳೆಸಿಕೊಡುತ್ತೇವೆ ಅಂತ ಮಾತು ಕೊಡುವುದಿಲ್ಲ. ತಲೆ ಹಗುರಾಗುತ್ತದೆ, ಭುಜ ಇಳಿಯುತ್ತದೆ, ಅವತ್ತು ರಾತ್ರಿ ನಿದ್ದೆ ಚೆನ್ನಾಗಿ ಬರುತ್ತದೆ. ಇಡೀ ದಿನ ಬ್ಯಾಂಕ್ ಕೌಂಟರಿನಲ್ಲೋ ಗಾರ್ಮೆಂಟ್ಸ್ ಮಿಷನ್ ಮುಂದೆಯೋ ಕೂತವರಿಗೆ ಅದೇ ಏನು ಕಡಿಮೆ?

ಮಸಾಜಿನ ರೀತಿಯೂ ಬದಲಾಗುತ್ತದೆ. ಉಗುರು ತಾಗಿಸುವುದಿಲ್ಲ, ಪಟಪಟ ಬಡಿಯುವುದಿಲ್ಲ, ಕೂದಲು ಉಜ್ಜುವುದಿಲ್ಲ. ಬೆರಳ ತುದಿಯ ಮೆತ್ತನೆ ಭಾಗ ನೆತ್ತಿಯ ಮೇಲೆ ಊರಿ, ಜಾಗ ಬಿಡದೆ ನಿಧಾನಕ್ಕೆ ಸುತ್ತುತ್ತೇವೆ. ಚರ್ಮ ಮೂಳೆಯ ಮೇಲೆ ಅಲುಗಾಡಬೇಕು, ಬೆರಳು ಚರ್ಮದ ಮೇಲೆ ಜಾರಬಾರದು. ಕತ್ತಿನ ಬುಡದಿಂದ ಶುರುಮಾಡಿ ಕಿವಿಯ ಹಿಂದಿನಿಂದ ಮೇಲಕ್ಕೆ, ಕೊನೆಗೆ ಕಣತಲೆ. ಇಪ್ಪತ್ತು ನಿಮಿಷ. ಜೋರಾಗಿ ಒತ್ತಿದರೇ ಮಸಾಜ್ ಅನ್ನುವವರಿಗೆ ಮೊದಲ ಸಲ ಸಪ್ಪೆ ಅನ್ನಿಸಬಹುದು. ಅರ್ಧದಲ್ಲೇ ಗೊರಕೆ ಹೊಡೆದವರೂ ಇದ್ದಾರೆ, ಹೆಸರು ಹೇಳುವುದಿಲ್ಲ.

ಮಸಾಜ್ ಮುಗಿದ ಮೇಲೆ ಕತ್ತು ತಿರುಗಿಸಿ ನೆಟಿಗೆ ತೆಗೆಯುವುದನ್ನು ಪೂರ್ತಿ ನಿಲ್ಲಿಸಿದ್ದೇವೆ. ಇದಕ್ಕೆ ಜಗಳ ಆಗುತ್ತದೆ ಅಂತ ಗೊತ್ತು. ಮಿದುಳಿನ ಹಿಂಭಾಗಕ್ಕೆ ರಕ್ತ ಒಯ್ಯುವ ನಾಳಗಳು ಕತ್ತಿನ ಮೂಳೆಗಳ ತೂತಿನೊಳಗಿಂದಲೇ ಹಾದುಹೋಗುತ್ತವೆ. ಕತ್ತನ್ನು ಥಟ್ಟನೆ ತಿರುಚಿದರೆ ಅದರ ಒಳಪದರ ಹರಿಯಬಹುದು, ಅಲ್ಲಿ ರಕ್ತ ಹೆಪ್ಪುಗಟ್ಟಿ ಸ್ಟ್ರೋಕ್ ಆಗಬಹುದು. ತಲೆ ತೊಳೆಯುವ ಬೇಸಿನ್ ಮೇಲೆ ಕತ್ತು ತೀರಾ ಹಿಂದಕ್ಕೆ ಬಾಗಿದ್ದರಿಂದಲೇ ಹೀಗಾದ ಐದು ಜನರ ಬಗ್ಗೆ ಅಮೆರಿಕದ ಒಬ್ಬ ನರರೋಗ ಡಾಕ್ಟರ್ 1993ರಲ್ಲೇ ಬರೆದಿದ್ದಾರೆ. ತೀರಾ ಅಪರೂಪ, ಹೆದರಿಸಲು ಹೇಳುತ್ತಿಲ್ಲ. ಆದರೆ ಸುಖಕ್ಕೆ ಅಂತ ಬಂದವರ ಕತ್ತಿನ ಜೊತೆ ಆ ಆಟ ಯಾಕೆ? ಬೇಸಿನ್ ಅಂಚಿಗೆ ಈಗ ಟವೆಲ್ ಸುರುಳಿ ಇಡುತ್ತೇವೆ. ತಲೆಸುತ್ತು, ಕತ್ತು ನೋವು, ಬಿ.ಪಿ. ಇರುವವರು, ವಯಸ್ಸಾದವರು ಮೊದಲೇ ಹೇಳಿ. ಮುಂದಕ್ಕೆ ಬಾಗಿಸಿ ತೊಳೆಯುತ್ತೇವೆ.

ಎಣ್ಣೆ ಆಗುವವರಿಗೆ ಇನ್ನು ಒಂದೇ ಎಣ್ಣೆ, ಗಾಣದ ಕೊಬ್ಬರಿ ಎಣ್ಣೆ. ಬಣ್ಣ, ವಾಸನೆ ಹಾಕಿದ ಬಾಟಲಿಗಳನ್ನು ತೆಗೆದಿದ್ದೇವೆ. ತುರಿಕೆ ಇರುವ ತಲೆಗೆ ಆ ಸೆಂಟೇ ಉರಿ ತರಬಹುದು. ಒಲೆಯ ಮೇಲೆ ಕಾಯಿಸುವುದೂ ಇಲ್ಲ. ಬಟ್ಟಲನ್ನು ಬಿಸಿನೀರಿನಲ್ಲಿಟ್ಟು, ನಮ್ಮ ಮುಂಗೈಗೆ ಹಾಕಿಕೊಂಡು ನೋಡಿ ಹಚ್ಚುತ್ತೇವೆ. ಚಳಿಗಾಲದ ಬೆಳಿಗ್ಗೆ ಎಣ್ಣೆ ಬೆಳ್ಳಗೆ ಗಟ್ಟಿಯಾಗಿದ್ದರೆ ಕೆಟ್ಟಿದೆ ಅನ್ನಬೇಡಿ. 24 ಡಿಗ್ರಿಗಿಂತ ಕೆಳಗೆ ಹೋದರೆ ಕೊಬ್ಬರಿ ಎಣ್ಣೆ ಗಟ್ಟಿಯಾಗುವುದೇ ಸರಿ.

ನೀರಿನದೂ ಒಂದು ಬದಲಾವಣೆ. ಬುಗುಡನಹಳ್ಳಿಯಿಂದ ಬರುವ ಹೇಮಾವತಿ ನೀರು ನಮಗೆ ದಿನಾ ಸಿಗುವುದಿಲ್ಲ, ಉಳಿದ ದಿನ ಸುಣ್ಣದಂಶದ ಬೋರ್ ನೀರು. ಗೀಸರ್ ಕಾಯಿಲ್ ಮೇಲೆ ಬಿಳಿ ಪದರ ಕಟ್ಟುವ ಅದೇ ಸುಣ್ಣ ಕೂದಲ ಮೇಲೂ ಕೂರುತ್ತದೆ. ಅದರಿಂದ ಕೂದಲು ಬುಡಸಮೇತ ಉದುರುತ್ತದೆ ಅನ್ನುವುದು ಅತಿಯಾಯಿತು, ಆದರೆ ಒರಟಾಗುತ್ತದೆ, ಸಿಕ್ಕಾಗುತ್ತದೆ. ಹಾಗಾಗಿ ನೀರಿನ ಸುಣ್ಣ ತೆಗೆಯುವ ಸಾಫ್ಟ್‌ನರ್ ಹಾಕಿಸಿದ್ದೇವೆ. ಆ ನೀರು ಕೈಗೆ ಸ್ವಲ್ಪ ಜಾರುತ್ತದೆ. ಶಾಂಪೂ ಹೋಗಿಲ್ಲ, ಇನ್ನೊಂದು ಸಲ ತೊಳೆಯಿರಿ ಅನ್ನಿಸುತ್ತದೆ. ಹೋಗಿರುತ್ತದೆ, ನಂಬಿ.

ರೇಟು 450ರಿಂದ 600 ರೂಪಾಯಿ ಆಗುತ್ತದೆ. ಎಣ್ಣೆ ಹಾಕಿದರೂ ಅಷ್ಟೆ, ಹಾಕದಿದ್ದರೂ ಅಷ್ಟೆ. ಇಲ್ಲದಿದ್ದರೆ ಬೇಡದವರಿಗೂ ಎಣ್ಣೆ ಹಚ್ಚುವ ಆಸೆ ನಮಗೆ ಬರುತ್ತದೆ. ಒಬ್ಬರಿಗೆ ಪೂರ್ತಿ ಒಂದು ಗಂಟೆ, ಒಗೆದ ಟವೆಲ್, ತೊಳೆದ ಬಾಚಣಿಗೆ ಇದರಲ್ಲೇ ಸೇರಿದೆ. ಹಳೆಯ ಹಾಟ್ ಆಯಿಲ್ ಕಾರ್ಡಿನಲ್ಲಿ ಸಲ ಉಳಿದಿರುವವರಿಗೆ ಹೊಸ ಆರೈಕೆ ಅದೇ ಕಾರ್ಡಿನಲ್ಲಿ, ಹೆಚ್ಚಿಗೆ ಕೊಡಬೇಕಾಗಿಲ್ಲ. ಬೇಡ ಅನ್ನಿಸಿದರೆ ಉಳಿದ ಸಲದ ದುಡ್ಡು ವಾಪಸ್ ಕೊಡುತ್ತೇವೆ, ಕಾರ್ಡ್ ತನ್ನಿ.

ಇನ್ನು ಫೋನ್ ಮಾಡಿ ಟೈಮ್ ತೆಗೆದುಕೊಂಡೇ ಬರಬೇಕು. ಹೇರ್ ಡೈ ಮಾಡಿಸುವ ದಿನ ನೆತ್ತಿ ಆರೈಕೆ ಇಲ್ಲ, ಎರಡಕ್ಕೂ ಬೇರೆ ಬೇರೆ ದಿನ ಕೇಳಿ. ಬರುವ ದಿನ ಮನೆಯಿಂದ ಎಣ್ಣೆ ಹಚ್ಚಿಕೊಂಡು ಬರಬೇಡಿ, ಜಿಡ್ಡಿನ ಕೆಳಗೆ ಏನೂ ಕಾಣುವುದಿಲ್ಲ. ಹಿಂದಿನ ದಿನ ತಲೆಗೆ ಸ್ನಾನ ಮಾಡಿ ಬಂದರೆ ಸಾಕು.

ಇಂತಿ,
ನಿಮ್ಮ ಪಾರ್ಲರಿನವರು
ಸೋಮೇಶ್ವರಪುರಂ, ತುಮಕೂರು