ಹೇಳಿಕೆ ಬರೆಯುವವರಿಗೂ ಶಿಸ್ತು ಬೇಕು

ಮಾನ್ಯರೇ,

ವಿದ್ಯಾರ್ಥಿಯೊಬ್ಬರು ಜೀವ ಕಳೆದುಕೊಂಡಾಗ ಕೆಲವು ಶಿಕ್ಷಣ ಸಂಸ್ಥೆಗಳ ಸಾರ್ವಜನಿಕ ಸಂಪರ್ಕ ವಿಭಾಗಗಳು, ಪೊಲೀಸ್ ತನಿಖೆ ಮುಗಿಯುವ ಮೊದಲೇ, ‘ವೈಯಕ್ತಿಕ ಕಾರಣ’ ಎಂಬ ಒಂದು ಸಾಲಿನ ಹೇಳಿಕೆ ಹೊರಡಿಸಿ ಕೈತೊಳೆದುಕೊಳ್ಳುತ್ತವೆ. ಆತ್ಮಹತ್ಯೆಗೆ ಒಂದೇ ಕಾರಣವನ್ನು ಆರೋಪಿಸಬಾರದು, ವಿಧಾನವನ್ನು ವಿವರಿಸಬಾರದು, ನೆರವು ಎಲ್ಲಿ ಸಿಗುತ್ತದೆಂದು ತಿಳಿಸಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತಲೇ ಬಂದಿದೆ. ಭಾರತೀಯ ಪತ್ರಿಕಾ ಮಂಡಳಿಯೂ 2019ರಲ್ಲಿ ಇದೇ ಜಾಡಿನ ಮಾರ್ಗಸೂಚಿಯನ್ನು ಅಂಗೀಕರಿಸಿತು. ಪತ್ರಕರ್ತರಿಗೆ ಅನ್ವಯಿಸುವ ಈ ಶಿಸ್ತು, ಅವರ ಮೇಜಿಗೆ ಹೇಳಿಕೆ ಕಳುಹಿಸುವವರಿಗೆ ಏಕೆ ಅನ್ವಯಿಸಬಾರದು?

ಅಕ್ಟೋಬರ್ 10ರ ವಿಶ್ವ ಮಾನಸಿಕ ಆರೋಗ್ಯ ದಿನದಂದು ‘ಮನಬಿಚ್ಚಿ ಮಾತಾಡಿ’ ಎಂದು ಪೋಸ್ಟರ್ ಹಂಚುವ ಕೋಚಿಂಗ್ ಕೇಂದ್ರಗಳೇ, ಫಲಿತಾಂಶದ ಮರುದಿನ ರ‍್ಯಾಂಕ್ ಪಡೆದವರ ಮುಖಗಳನ್ನು ಪುಟ ತುಂಬ ಅಚ್ಚು ಹಾಕಿಸುತ್ತವೆ. (ಆ ಜಾಹೀರಾತಿನ ಆದಾಯ ಪತ್ರಿಕೆಗಳಿಗೂ ಬೇಕೆಂಬುದನ್ನು ಬಲ್ಲೆ.) ಅಂಕ ಕಡಿಮೆ ಬಂದ ಮಕ್ಕಳೂ ಅದೇ ಪುಟವನ್ನು ಓದುತ್ತಾರೆ.

ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರವಾಗಿರುವ, 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಉಚಿತವಾಗಿ ಮಾತನಾಡಬಹುದು. ಫಲಿತಾಂಶದ ಜಾಹೀರಾತುಗಳಲ್ಲಿ ಈ ಸಂಖ್ಯೆಯನ್ನು ಎದ್ದುಕಾಣುವಂತೆ ಮುದ್ರಿಸುವುದನ್ನು ಪತ್ರಿಕೆಗಳೇ ಷರತ್ತಾಗಿ ವಿಧಿಸಲಿ. ಸಂಸ್ಥೆಗಳು ಇಂಥ ಹೇಳಿಕೆಗಳ ಕರಡನ್ನು ವಕೀಲರಿಗೆ ತೋರಿಸುವಂತೆಯೇ ಮನೋವೈದ್ಯರಿಗೂ ತೋರಿಸಲಿ.

– ಓದುಗ, ಮೈಸೂರು