ಮುರಿದ 40 ರೊಟ್ಟಿಗಳ ಋಣ

ಸೋತವರು ಧನ್ಯವಾದ ಹೇಳಲು ಹೊರಟರೆ ಜನ ಸ್ವಲ್ಪ ಅನುಮಾನದಿಂದಲೇ ನೋಡುತ್ತಾರೆ. ನೋಡಲಿ. ಹಲ್ಟ್ ಪ್ರೈಜ್‌ನ ಕಾಲೇಜು ಸುತ್ತಿನಲ್ಲೇ ನಮ್ಮ ನಾಲ್ವರ ತಂಡ ಹೊರಬಿದ್ದು ಮೂರು ತಿಂಗಳಾಯಿತು. ಸಮಾಜಕ್ಕೂ ಉಪಯೋಗವಾಗಬೇಕು, ವ್ಯಾಪಾರವಾಗಿಯೂ ನಿಲ್ಲಬೇಕು ಅನ್ನುವಂಥ ಯೋಜನೆಗಳಿಗೆ ನಡೆಯುವ ಜಾಗತಿಕ ಸ್ಪರ್ಧೆ ಅದು. ಕೊನೆಯವರೆಗೂ ಗೆದ್ದ ತಂಡಕ್ಕೆ 10 ಲಕ್ಷ ಡಾಲರ್. ನಮಗೆ ಧಾರವಾಡದ ಸಭಾಂಗಣದ ಬಾಗಿಲು ದಾಟುವುದೂ ಆಗಲಿಲ್ಲ.

ನಮ್ಮ ಯೋಜನೆ ಕಡಕ್ ಜೋಳದ ರೊಟ್ಟಿ. ಸವದತ್ತಿ ರಸ್ತೆಯ ಒಂದು ಹಳ್ಳಿಯ ಸ್ವಸಹಾಯ ಸಂಘದ ಅಕ್ಕಂದಿರು ಮಾಡುವ ರೊಟ್ಟಿಯನ್ನು ಚಂದದ ಕವರಿಗೆ ಹಾಕಿ ಬೆಂಗಳೂರು, ಪುಣೆಗೆ ಕಳಿಸುವುದು. ಮೊದಲ ಸ್ಲೈಡಿನಲ್ಲೇ, 2013ರಲ್ಲಿ ಇದೇ ಸ್ಪರ್ಧೆ ಗೆದ್ದ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಕಥೆ ಹಾಕಿದ್ದೆವು. ಕೀಟಗಳನ್ನು ಪುಡಿ ಮಾಡಿ ಹಿಟ್ಟಿಗೆ ಬೆರೆಸುವ ಆಲೋಚನೆ ಅವರದು. ಕೀಟದ ಹಿಟ್ಟೇ ಗೆದ್ದಿದೆಯೆಂದರೆ ನಮ್ಮ ಬಿಳಿಜೋಳದ ಹಿಟ್ಟು ಗೆಲ್ಲದೆ ಇರುತ್ತದೆಯೇ ಎಂಬ ಹುಮ್ಮಸ್ಸು. ಎರಡನೆಯ ಸ್ಲೈಡಿನಲ್ಲಿ ದಪ್ಪ ಅಕ್ಷರದಲ್ಲಿ ‘ಮಹಿಳಾ ಸಬಲೀಕರಣ’. ಆ ಸ್ಲೈಡು ನೆನಪಾದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಮೊದಲನೆಯ ಧನ್ಯವಾದ, ತೀರ್ಪುಗಾರರ ಸಾಲಿನಲ್ಲಿ ಬಲತುದಿಗೆ ಕೂತಿದ್ದ ಮೇಡಂ ಅವರಿಗೆ. ನಾವು ಅಕ್ಕಂದಿರಿಂದ ಒಂದು ರೊಟ್ಟಿಯನ್ನು 6 ರೂಪಾಯಿಗೆ ಕೊಳ್ಳುತ್ತೇವೆ, ಅಂಗಡಿಯವರು ಕೊಡುವುದಕ್ಕಿಂತ 50 ಪೈಸೆ ಹೆಚ್ಚು ಅಂತ ಎದೆಯುಬ್ಬಿಸಿ ಹೇಳಿದೆ. ಅವರು ಪೆನ್ನು ಕೆಳಗಿಟ್ಟು, “100 ರೊಟ್ಟಿಗೆ ಅವರಿಗೆ ಎಷ್ಟು ತಾಸು ಬೇಕು?” ಅಂದರು. ನಾನು ಪಕ್ಕದವನ ಮುಖ ನೋಡಿದೆ. ಅವನು ಲ್ಯಾಪ್‌ಟಾಪ್ ನೋಡಿದ. ಲ್ಯಾಪ್‌ಟಾಪಿನಲ್ಲಿ ಕವರಿನ ಬೆಲೆ, ಸಾಗಣೆ, ಜಾಹೀರಾತು, ನಮ್ಮ ನಾಲ್ವರ ಸಂಬಳ ಕೂಡ ಇತ್ತು. ಆ ತಾಸುಗಳು ಮಾತ್ರ ಇರಲಿಲ್ಲ. ಆ ಹೊತ್ತಿಗೆ ಬಂದ ಸಿಟ್ಟು ಸಣ್ಣದಲ್ಲ. ಹೊರಗೆ ಬಂದು ಕ್ಯಾಂಟೀನಿನಲ್ಲಿ ಚಹಾ ಆರುವವರೆಗೂ ಅವರನ್ನು ಬೈದೆವು. ಮೇಡಂ, ಕ್ಷಮಿಸಿ.

ಸೋತ ಮರುವಾರ ಖಾಲಿ ಡಬ್ಬಿ ವಾಪಸ್ ಕೊಡುವ ನೆಪದಲ್ಲಿ ಹಳ್ಳಿಗೆ ಹೋದೆ. ರಾತ್ರಿ ಅಲ್ಲೇ ಉಳಿದೆ. ಬೆಳಗಿನ ನಾಲ್ಕಕ್ಕೆ ದೊಡ್ಡಕ್ಕ ಎದ್ದರು. ನಾನು ಮೊಬೈಲಿನಲ್ಲಿ ಗಡಿಯಾರ ಒತ್ತಿದೆ. ಜೋಳದ ಹಿಟ್ಟಿಗೆ ಗೋಧಿಯ ಜಿಗುಟಿಲ್ಲ. ಕುದಿಯುವ ಎಸರು ಹೊಯ್ದು, ಕೈ ಸುಡುವಾಗಲೇ ನಾದಿದರೆ ಮಾತ್ರ ಹಿಟ್ಟು ಕೂಡಿಕೊಳ್ಳುತ್ತದೆ. ಆಮೇಲೆ ತಟ್ಟುವುದು, ಹೆಂಚಿಗೆ ಹಾಕಿ ಮೇಲೆ ನೀರು ಸವರುವುದು, ತಿರುವುವುದು, ಬೆಂದದ್ದನ್ನು ಒಲೆಯ ಪಕ್ಕಕ್ಕೆ ಒರಗಿಸಿ ಕಡಕ್ ಆಗುವ ತನಕ ಕಾಯುವುದು. ಬಡಿಯುವ ಸದ್ದಿಗೆ ಒಂದು ಲಯವಿದೆ. ಅದು ತಪ್ಪಿದಾಗೆಲ್ಲ ಒಲೆಗೆ ಹತ್ತಿಕಟ್ಟಿಗೆ ತಳ್ಳುತ್ತಿದ್ದಾರೆ ಎಂದು ತಿಳಿಯಬೇಕು. ನಡುವೆ ನನ್ನ ಮೊಬೈಲ್ ನೋಡಿ ಅಕ್ಕ ನಕ್ಕರು: “ಗಂಟಿ ನೋಡಿ ಬರಕೊಳ್ಳಾಕತ್ತೀಯೇನವಾ ತಂಗಿ? ನಿದ್ದಿಗೆಟ್ಟದ್ದೂ ಬರಕೋ ಮತ್ತ.”

ಬರೆದುಕೊಂಡೆ. ಗಿರಣಿಗೆ ಹೋಗಿ ಬಂದದ್ದೂ ಸೇರಿ 100 ರೊಟ್ಟಿಗೆ 9 ತಾಸು. ಹಿಟ್ಟು, ಬೀಸಿದ ಕೂಲಿ, ಉರುವಲು ಎಲ್ಲ ಹಿಡಿದು ರೊಟ್ಟಿಗೆ 3.75 ರೂಪಾಯಿ ಖರ್ಚು. ನಾವು ಕೊಡುತ್ತೇವೆಂದ 6 ರೂಪಾಯಿಯಲ್ಲಿ ಉಳಿಯುವುದು 2.25. ದಿನಕ್ಕೆ 225, ತಾಸಿಗೆ 25. ಕರ್ನಾಟಕದಲ್ಲಿ 2025-26ಕ್ಕೆ ನರೇಗಾ ಕೂಲಿಯೇ ದಿನಕ್ಕೆ 370 ರೂಪಾಯಿ ಇತ್ತು. ಕೆರೆ ಹೂಳೆತ್ತಲು ಹೋಗಿದ್ದರೆ ಅಕ್ಕನಿಗೆ ನಮ್ಮ ‘ಸಬಲೀಕರಣ’ಕ್ಕಿಂತ 145 ರೂಪಾಯಿ ಹೆಚ್ಚು ಸಿಗುತ್ತಿತ್ತು. ಈ ಲೆಕ್ಕ ಮಾಡಲು ಎಂಜಿನಿಯರಿಂಗ್ ಬೇಕಿಲ್ಲ, ಏಳನೆಯ ಇಯತ್ತೆಯ ಗಣಿತ ಸಾಕು. ಗೆದ್ದಿದ್ದರೆ ಮುಂದಿನ ಸುತ್ತಿಗೆ ಸ್ಲೈಡಿನ ಬಣ್ಣ ಬದಲಿಸುತ್ತಿದ್ದೆವೇ ಹೊರತು ಈ ಲೆಕ್ಕಕ್ಕೆ ಕೂರುತ್ತಿರಲಿಲ್ಲ, ಇದು ನನಗೆ ಖಾತ್ರಿ.

ಎರಡನೆಯ ಧನ್ಯವಾದ ದೊಡ್ಡಕ್ಕನಿಗೆ. ಲೆಕ್ಕ ಓದಿ ಹೇಳಿದಾಗ ಅವರು ಸಿಟ್ಟಾಗಲಿಲ್ಲ, ಅಳಲೂ ಇಲ್ಲ. “ಹಂಗಾರ ಎಂಟು ರೂಪಾಯಿ ಮಾಡೂಣು” ಅಂದರು, ಅಷ್ಟೇ. ಅಂಗಡಿಯವರು ಒಪ್ಪಲಿಲ್ಲ. ನಮ್ಮ ಹಾಸ್ಟೆಲಿನ ಹುಡುಗಿಯರು ಒಪ್ಪಿದರು. ಬೆಂಗಳೂರು, ಪುಣೆ ಬಿಟ್ಟೆವು. ಈಗ ವಾರಕ್ಕೆ 200 ರೊಟ್ಟಿ ಧಾರವಾಡದಲ್ಲೇ ಖರ್ಚಾಗುತ್ತದೆ. ಇದನ್ನು ಉದ್ಯಮ ಅಂತ ಕರೆಯಲು ನನಗೇ ಸಂಕೋಚ. ಆದರೆ 100 ರೊಟ್ಟಿಗೆ 425 ರೂಪಾಯಿ ಉಳಿಯುತ್ತದೆ, ಅದು ಪೂರ್ತಿ ಅಕ್ಕಂದಿರದು.

ತಂಡದ ಮೂವರಿಗೆ ಬೇರೆ ಹೇಳುವುದೇನಿದೆ. ಒಬ್ಬ ಆಹಾರ ಸುರಕ್ಷತೆಯ ನೋಂದಣಿಗೆ ಓಡಾಡಿದ. ಸಣ್ಣ ತಯಾರಕರಿಗೆ ಅದರ ಶುಲ್ಕ ವರ್ಷಕ್ಕೆ 100 ರೂಪಾಯಿ. ನಾವು ಸ್ಲೈಡಿನಲ್ಲಿ ‘ಕಾನೂನು ವೆಚ್ಚ’ ಅಂತ 15,000 ಹಾಕಿದ್ದೆವು! ಇನ್ನೊಬ್ಬಳು ಲೇಬಲ್ಲಿನ ನಿವ್ವಳ ತೂಕದ ಹಿಂದೆ ಬಿದ್ದಳು. ಬಿಸಿ ರೊಟ್ಟಿ ತೂಗಿ ಬರೆದರೆ ಕಡಕ್ ಆಗುವ ಹೊತ್ತಿಗೆ ನೀರಾರಿ ತೂಕ ಇಳಿದಿರುತ್ತದೆ, ಒಣಗಿದ ಮೇಲೆಯೇ ತೂಗಬೇಕು ಅನ್ನುವುದು ಅವಳು ಕಂಡುಹಿಡಿದದ್ದು. ಅಕ್ಕಂದಿರಿಗೆ ಅದು ಮೊದಲೇ ಗೊತ್ತಿತ್ತು, ಆ ಮಾತು ಬೇರೆ. ಮೂರನೆಯವನು ಏನೂ ಮಾಡಲಿಲ್ಲ, ಪ್ರತಿ ಸಲ ಜೊತೆಗೆ ಬಂದ. ಅದಕ್ಕೂ ಥ್ಯಾಂಕ್ಸ್ ಕಣೋ. ಕಾಲೇಜಿನ ಶುಲ್ಕಕ್ಕೆಂದು ಕೊಟ್ಟ ದುಡ್ಡಿನಲ್ಲಿ ಬಸ್ಸಿಗೆ ಎಷ್ಟು ಹೋಯಿತು ಅಂತ ಒಮ್ಮೆಯೂ ಕೇಳದ ಅಪ್ಪನಿಗೆ ಇಲ್ಲಿ ಹೇಳುತ್ತೇನೆ, ಎದುರಿಗೆ ಹೇಳಲು ಆಗುವುದಿಲ್ಲ.

ಒಂದು ಬಾಕಿ ಉಳಿದಿದೆ. ಸ್ಪರ್ಧೆಯ ದಿನ ತೀರ್ಪುಗಾರರಿಗೆಂದು ತಂದ 40 ರೊಟ್ಟಿ ಬಸ್ಸಿನಲ್ಲಿ ಡಬ್ಬಿಯೊಳಗೇ ಕುಲುಕಾಡಿ ಚೂರಾಗಿದ್ದವು. ಬಟ್ಟೆಯಲ್ಲಿ ಬಿಗಿಯಾಗಿ ಕಟ್ಟಿ ತೊಡೆಯ ಮೇಲೆ ಇಟ್ಟುಕೋ ಅಂತ ಅಕ್ಕ ಹೇಳಿದ್ದರು, ಡಬ್ಬಿ ನೋಡಲು ಚಂದ ಅಂತ ನಾನೇ ಕೇಳಿರಲಿಲ್ಲ. ಅದರ ದುಡ್ಡು ಕೊಡಲು ಹೋದರೆ ಅಕ್ಕ ಕೈ ಹಿಂದೆ ಕಟ್ಟಿಕೊಂಡರು: “ಮುರದ ರೊಟ್ಟಿಗೆ ಯಾರರ ರೊಕ್ಕ ತಗೋತಾರೇನು?” ಆ ಚೂರನ್ನು ನಾವೇ ನಾಲ್ವರು ಎರಡು ದಿನ ಮೊಸರಿನಲ್ಲಿ ನೆನೆಸಿ, ಶೇಂಗಾ ಚಟ್ನಿ ಹಚ್ಚಿಕೊಂಡು ತಿಂದು ಮುಗಿಸಿದ್ದೆವು ಅಂದೆ. ತಿಂದಿದ್ದರೆ ಆಯಿತು ಬಿಡು ಅಂತ ಒಲೆಯ ಕಡೆ ತಿರುಗಿದರು. ಹೊಸ ದರದಲ್ಲಿ 320 ರೂಪಾಯಿ. ಸಂಘದ ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ ನಾನೇ ಬರೆದಿಟ್ಟು ಬಂದಿದ್ದೇನೆ.